ಚಪ್ಪಾಳೆಯ ಕೂಲಿ

ನಾಟ್ಯಪ್ರಯೋಗದ ಸಿದ್ಧಿಯನ್ನು ಅಳೆಯುವ ಬಗೆಯನ್ನು ಭರತಮುನಿಯು ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ವಿಚಾರಮಾಡಿರುವನು. ಪ್ರೇಕ್ಷಕರ ಮುಗುಳ್ನಗೆ, ತುಂಬುನಗೆ, ‘ಸಾಧು’, ‘ಅಹೋ’ ಎಂಬ ಉದ್ಗಾರ, ರೋಮಾಂಚ, ಪೀಠ ಬಿಟ್ಟು ಮೇಲೇಳುವುದು, ವಸ್ತ್ರವನ್ನೇ ನಟನಿಗೆ ಕೊಡುವುದು, ಇವೆಲ್ಲವೂ ಮಾನುಷೀ ಸಿದ್ಧಿ. ರಂಗವು ತುಂಬಿದ್ದೂ ಸದ್ದಾಗಲಿ ಕ್ಷೋಭೆಯಾಗಲಿ ಇಲ್ಲದಿರುವುದು ದೈವೀ ಸಿದ್ಧಿ. ಪ್ರಯೋಗಕ್ಕೆ ಪರರಿಂದ ಒದಗುವ ಘಾತಗಳಿಗೆ ಮಾತ್ಸರ್ಯ, ದ್ವೇಷ, ಪಕ್ಷಪಾತಗಳೊಡನೆ ಹಣದಿಂದಾದ ಭೇದವನ್ನೂ ಅವನು ಕಾರಣವಾಗಿ ಎಣಿಸಿದ್ದಾನೆ. ಅಂಥವರು ಸಗಣಿ, ಹೆಂಟೆ, ಇರುವೆಗಳನ್ನು ಎರಚುವುದನ್ನೂ ಹೇಳದೆ ಬಿಟ್ಟಿಲ್ಲ. (ಇರುವೆಗಳನ್ನು ಹೊತ್ತು ನಾಟಕಕ್ಕೆ ಬರುವವನ ಶ್ರದ್ಧೆ ಸಾಮಾನ್ಯವಲ್ಲ!) ಹಣಕ್ಕೆ ಗದ್ದಲ ಮಾಡುವವರನ್ನು ಕಂಡ ದೇಶದಲ್ಲಿ ಹಣಕ್ಕೆ ಹೊಗಳುವವರಿಗೆ ಬರಗಾಲವಿದ್ದೀತೆ?

ರೋಮಿನ ಚಕ್ರವರ್ತಿ ನೀರೋ ತನ್ನ ಗಾನಕ್ಕೆ ಕೈತಟ್ಟಲು 5000ಕ್ಕೂ ಮಿಕ್ಕ ತರುಣರನ್ನು ಕೂಡಿಹಾಕಿ ಬಗೆಬಗೆಯ ಚಪ್ಪಾಳೆಗಳನ್ನು ಕಲಿಸಿದನೆಂದು ಸುಯಟೋನಿಯಸನು ಬರೆದಿರುವನು. ಪ್ಯಾರಿಸಿನಲ್ಲಿ 1820ರಲ್ಲಿ ಇದಕ್ಕೊಂದು ಅಂಗಡಿಯೇ ತೆರೆಯಿತು. ನಗುವವರು ಬೇರೆ, ಕಣ್ಣೊರಸಿಕೊಳ್ಳುವವರು ಬೇರೆ, ‘ಮತ್ತೊಮ್ಮೆ’ ಎಂದು ಕೂಗುವವರು ಬೇರೆ. ನಮ್ಮ ಕಂಪೆನಿ ನಾಟಕಗಳ ‘ಒನ್ಸ್ ಮೋರ್’ ಅದರ ತಮ್ಮನಂತೆ ಕಂಡರೂ ಕೂಗಿದವರಲ್ಲಿ ಬಹುಮಂದಿ ಟಿಕೆಟು ಕೊಂಡ ರಸಿಕರೇ. ಎ. ವಿ. ವರದಾಚಾರ್ಯರ (1869–1926) ಕಂಠಕ್ಕೆ ಕೂಲಿಯ ಕೂಗು ಬೇಕಾಗಿರಲಿಲ್ಲ.

ನಂಜನಗೂಡು, ತಿರುಮಕೂಡಲು ನರಸೀಪುರಗಳ ಸುತ್ತಣ ಹಳ್ಳಿಗಳಲ್ಲಿ ಇಂದಿಗೂ ರಾತ್ರಿಯಿಡೀ ನಡೆಯುವ ‘ಕುರುಕ್ಷೇತ್ರ’ದ ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ನಟನಿಗೆ ಸಂಬಳವಿಲ್ಲ. ಪಾತ್ರಕ್ಕೆ ಅವನೇ ಹಣ ತೆತ್ತು, ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ಕುಳಿತು ಪದ ಕಲಿಯುವನು. ದುರ್ಯೋಧನನು ಒಂದು ಪದ ಮುಗಿಸುವಷ್ಟರಲ್ಲಿ ಭಾವಮೈದುನ, ಷಡ್ಡಕ, ಬೀಗರು ಹಾರ ಹಿಡಿದು ರಂಗವನ್ನೇರುವರು, ಎದೆಗೆ ನೋಟು ಚುಚ್ಚುವರು. ಕೊಟ್ಟವರ ಹೆಸರು ಮೈಕಿನಲ್ಲಿ ಮೊಳಗುವುದು. ಸಂಧಿಗೆಂದು ಬಂದ ಕೃಷ್ಣನು ಅಷ್ಟು ಹೊತ್ತೂ ಪಕ್ಕದಲ್ಲಿ ನಿಂತಿರಬೇಕು!

ವಸ್ತ್ರದಾನವನ್ನು ಶಾಸ್ತ್ರವೇ ಒಪ್ಪಿರುವಾಗ ಹಾರದಲ್ಲಿ ದೋಷವೇನೆಂದು ಕೇಳಬಹುದು. ಹಾರದಲ್ಲಿ ದೋಷವಿಲ್ಲ. ಆದರೆ ಶಾಸ್ತ್ರದ ವಸ್ತ್ರದಾನವು ರಸ ತಾಗಿದ ಮೇಲೆ ತಡೆಯಲಾರದೆ ಆಗುವಂಥದು. ಈ ಹಾರವಾದರೋ ಹಗಲೇ ಪೇಟೆಯಿಂದ ಕೊಂಡು ತಂದದ್ದು, ಮದುವೆಯ ಮುಯ್ಯಿಯಂತೆ ಮುಂದೆ ಅವರ ಊರಿನ ನಾಟಕದಲ್ಲಿ ತೀರಿಸಬೇಕಾದ ಸಾಲ. ಇದನ್ನು ಕೂಲಿಯೆಂದು ಕರೆಯುವುದು ಕ್ರೌರ್ಯ, ಬಂಧುಪ್ರೀತಿಯೆನ್ನುವುದೇ ಸರಿ. ಆದರೂ, ಬೀಗರ ಬಲವಿಲ್ಲದ ಬಡವನೊಬ್ಬನು ವಿದುರನಂಥ ಸಣ್ಣ ವೇಷದಲ್ಲಿ ಬಂದು, ದುಡಿದು ಸಾಧಿಸಿದ ಒಂದೇ ಪದವನ್ನು ಹಾಡಿ ಹೋದಾಗ ಸಭೆಯು ಸುಮ್ಮನಿರುವುದು. ಆ ಮೌನವು ದೈವೀ ಸಿದ್ಧಿಯೋ, ಹಾರವಿಲ್ಲದವನ ಕಡೆಗಣಿಕೆಯೋ ಎಂಬುದನ್ನು ತಿಳಿಯುವ ಸಾಧನವು ಆ ನಟನಿಗೇ ಉಳಿದಿಲ್ಲ.