ದುಡ್ಡೇ ದೊಡ್ಡಪ್ಪ, ಟೇಲರ್ ಅವರಪ್ಪ

ಲೆಕ್ಕದ ಪಂಥದ ಮಿತ್ರರೊಬ್ಬರು ಮತ್ತೆ ಕೆಣಕಿದ್ದಾರೆ. ಅವರ ವಾದ ಈ ಅಂಕಣದ ಖಾಯಂ ಓದುಗರಿಗೆ ಬಾಯಿಪಾಠ. ಇಂಗ್ಲೆಂಡಿನ ಯಾವ ಫುಟ್‌ಬಾಲ್ ಕ್ಲಬ್ಬು ಆಟಗಾರರ ಸಂಬಳಕ್ಕೆ ಎಷ್ಟು ಸುರಿಯುತ್ತದೆ ಎಂಬ ಪಟ್ಟಿಯನ್ನೂ ಲೀಗಿನ ಕೊನೆಯ ಅಂಕಪಟ್ಟಿಯನ್ನೂ ಅಕ್ಕಪಕ್ಕ ಇಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ. ಮ್ಯಾನೇಜರ್ ಎಂಬಾತ ಬರೀ ಉತ್ಸವಮೂರ್ತಿ, ಗೆದ್ದಾಗ ಹೊತ್ತು ಮೆರೆಸುವುದಕ್ಕೆ, ಸೋತಾಗ ಇಳಿಸುವುದಕ್ಕೆ.

ಹತ್ತು ವರ್ಷದ ಸರಾಸರಿ ತೆಗೆದರೆ ಅವರ ಮಾತು ಬಹುಪಾಲು ನಿಜವೇ. ಆದರೆ ಸರಾಸರಿ ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಮಿತ್ರರು ಚೆಲ್ಸಿ ಭಕ್ತರೂ ಹೌದಾದ್ದರಿಂದ ಅವರ ಮನೆದೇವರಿಂದಲೇ ಶುರು ಮಾಡೋಣ. 2022ರಲ್ಲಿ ಅಮೆರಿಕದ ಟಾಡ್ ಬೋಲಿ ಮತ್ತು ಕ್ಲಿಯರ್‌ಲೇಕ್ ಕಂಪನಿ ಅಬ್ರಮೊವಿಚ್‌ರಿಂದ ಕ್ಲಬ್ ಕೊಂಡವು. ಮೊದಲ ವರ್ಷವೇ ಹೊಸ ಆಟಗಾರರಿಗೆ 50 ಕೋಟಿ ಪೌಂಡಿಗೂ ಮೇಲೆ ಖರ್ಚು. ಎನ್ಜೊ ಫರ್ನಾಂಡಿಸ್ ಒಬ್ಬನಿಗೇ ಹತ್ತು ಕೋಟಿ ಚಿಲ್ಲರೆ. 2021ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟಿದ್ದ ಮ್ಯಾನೇಜರ್ ಟೂಕೆಲ್‌ಗೆ ಸೆಪ್ಟೆಂಬರ್‌ನಲ್ಲೇ ಬೀಳ್ಕೊಡುಗೆ. ಬ್ರೈಟನ್‌ನಲ್ಲಿ ಚೆನ್ನಾಗಿ ನಡೆಸುತ್ತಿದ್ದ ಗ್ರಹಾಂ ಪಾಟರ್‌ರನ್ನು ಸಹಾಯಕರ ಸಮೇತ ಕರೆತರಲು ಆ ಕ್ಲಬ್ಬಿಗೆ ಕಟ್ಟಿದ್ದು 2 ಕೋಟಿ ಪೌಂಡಿಗೂ ಮಿಕ್ಕಿ ಎಂದು ಅಲ್ಲಿನ ಪತ್ರಿಕೆಗಳು ಬರೆದವು. ಏಳು ತಿಂಗಳು ತುಂಬುವ ಮೊದಲೇ ಪಾಟರ್ ಕೂಡ ಮನೆಗೆ. ಚೆಲ್ಸಿ ಹನ್ನೆರಡನೇ ಸ್ಥಾನ. ಮ್ಯಾನೇಜರನ್ನು ಕಳಕೊಂಡ ಬ್ರೈಟನ್ ಆರನೇ ಸ್ಥಾನಕ್ಕೇರಿ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಯುರೋಪಿನ ಟೂರ್ನಿಗೆ ಹೊರಟಿತು.

ಇದನ್ನು ಕೇಳಿದ ಮಿತ್ರರು ನಕ್ಕು, ‘ಹಾಗಾದರೆ ಪಾಟರ್ ಇಲ್ಲದೆಯೂ ಬ್ರೈಟನ್ ಗೆದ್ದಿತಲ್ಲ, ಮ್ಯಾನೇಜರ್ ಲೆಕ್ಕಕ್ಕಿಲ್ಲ ಅಂತ ನೀವೇ ಹೇಳಿದಂತಾಯಿತು’ ಅಂದರು. ಅಲ್ಲೇ ನನಗೆ ಪೀಟರ್ ಟೇಲರ್ ನೆನಪಾದದ್ದು.

ಮ್ಯಾನೇಜರ್ ಬ್ರಯಾನ್ ಕ್ಲಫ್ ಎಲ್ಲರಿಗೂ ಗೊತ್ತು. ಟೇಲರ್ ಅವರ ಜೊತೆಗಾರ. ಮಿಡಲ್ಸ್‌ಬರೋದಲ್ಲಿ ಕ್ಲಫ್ ಗೋಲು ಹೊಡೆಯುತ್ತಿದ್ದಾಗ ಈತ ಗೋಲ್‌ಕೀಪರ್. 1965ರಲ್ಲಿ ಹಾರ್ಟ್ಲ್‌ಪೂಲ್ಸ್ ಎಂಬ ಬಡ ಕ್ಲಬ್ಬಿನಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಶುರು ಮಾಡಿದರು. ಮಾತು, ಗದರಿಕೆ, ಟೀವಿ ಕ್ಯಾಮೆರಾ ಎಲ್ಲ ಕ್ಲಫ್ ಪಾಲು. ಆಟಗಾರರನ್ನು ಹುಡುಕುವುದು ಟೇಲರ್ ಪಾಲು. 1972ರಲ್ಲಿ ಡರ್ಬಿ ಕೌಂಟಿಗೆ ಲೀಗ್ ಪ್ರಶಸ್ತಿ ಬಂತು. 1974ರಲ್ಲಿ ಕ್ಲಫ್ ಲೀಡ್ಸ್‌ಗೆ ಒಬ್ಬರೇ ಹೋದರು, 44 ದಿನಕ್ಕೆ ಹೊರಬಿದ್ದರು. ಮರುವರ್ಷ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಬಂದಾಗಲೂ ಒಬ್ಬರೇ. ತಂಡ ಎರಡನೇ ಡಿವಿಷನ್ನಿನಲ್ಲೇ ಕಾಲೆಳೆಯುತ್ತಿತ್ತು. 1976ರ ಬೇಸಿಗೆಯಲ್ಲಿ ಟೇಲರ್ ಬಂದು ಸೇರಿಕೊಂಡರು. 1977ರಲ್ಲಿ ಬಡ್ತಿ, 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್. ಲೆಕ್ಕದ ಪಂಥದವರು ಈ ಇಸವಿಗಳನ್ನು ಸ್ವಲ್ಪ ಕೂಡಿ ಕಳೆದು ನೋಡಲಿ.

ಕೆನ್ನಿ ಬರ್ನ್ಸ್ ಪ್ರಸಂಗ ಎಷ್ಟು ಸಲ ಹೇಳಿದರೂ ನನಗೆ ಬೇಜಾರಿಲ್ಲ. ಬರ್ಮಿಂಗ್‌ಹ್ಯಾಮ್ ಸಿಟಿಯ ಫಾರ್ವರ್ಡ್ ಆತ. ಮೈದಾನದಲ್ಲಿ ಒರಟ, ಹೊರಗೆ ಜೂಜುಕೋರ ಎಂಬ ಹೆಸರು. ಅಂಥವನು ಬೇಡವೇ ಬೇಡ ಎಂಬುದು ಕ್ಲಫ್ ಪಟ್ಟು. ಟೇಲರ್ ಜಗಳಕ್ಕೆ ಹೋಗಲಿಲ್ಲ. ತಲೆಗೊಂದು ಚಪ್ಪಟೆ ಟೊಪ್ಪಿ, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿಕೊಂಡು, ಬರ್ನ್ಸ್ ಹೋಗುತ್ತಿದ್ದ ನಾಯಿ ರೇಸಿನ ಮೈದಾನಕ್ಕೇ ಹೋಗಿ ಹಿಂದೆ ನಿಂತರಂತೆ. ಎಷ್ಟು ಕಟ್ಟುತ್ತಾನೆ, ಸೋತಾಗ ಹೇಗಿರುತ್ತಾನೆ ಅಂತ ನೋಡಿದರು. ಕಟ್ಟುತ್ತಿದ್ದದ್ದು ಪುಡಿಗಾಸು. 1977ರಲ್ಲಿ ಆತನನ್ನು ಕೊಂಡು ತಂದು, ಗೋಲು ಹೊಡೆಯುವ ಜಾಗದಿಂದ ತೆಗೆದು ಡಿಫೆನ್ಸಿನ ನಟ್ಟನಡುವೆ ನಿಲ್ಲಿಸಿದರು. ಮರುವರ್ಷವೇ ಕ್ರೀಡಾ ಪತ್ರಕರ್ತರು ಬರ್ನ್ಸ್‌ರನ್ನು ಇಂಗ್ಲೆಂಡಿನ ವರ್ಷದ ಆಟಗಾರ ಎಂದು ಆರಿಸಿದರು.

ಫಾರೆಸ್ಟ್ ಬಳಿ ದುಡ್ಡಿರಲಿಲ್ಲ ಎಂಬ ಪುರಾಣ ಬೇಡ. 1979ರ ಫೆಬ್ರವರಿಯಲ್ಲಿ ಟ್ರೆವರ್ ಫ್ರಾನ್ಸಿಸ್‌ರನ್ನು 10 ಲಕ್ಷ ಪೌಂಡಿಗೆ ತಂದರು. ಬ್ರಿಟನ್ನಿನಲ್ಲಿ ಆ ಬೆಲೆ ಅದೇ ಮೊದಲು. ಆ ಮೇ ತಿಂಗಳಲ್ಲಿ ಮ್ಯೂನಿಕ್‌ನಲ್ಲಿ ಮಾಲ್ಮೊ ವಿರುದ್ಧದ ಫೈನಲ್‌ನಲ್ಲಿ ಜಾನ್ ರಾಬರ್ಟ್‌ಸನ್ ಎಡದಂಚಿನಿಂದ ಎತ್ತಿಕೊಟ್ಟ ಚೆಂಡಿಗೆ ತಲೆಕೊಟ್ಟು ಒಂದೇ ಗೋಲಿನಲ್ಲಿ ಕಪ್ ಗೆದ್ದುಕೊಟ್ಟವರು ಇದೇ ಫ್ರಾನ್ಸಿಸ್. ಅಂದೇ ಮುಂಚೂಣಿಯಲ್ಲಿ ಆಡುತ್ತಿದ್ದ ಗ್ಯಾರಿ ಬರ್ಟಲ್ಸ್‌ನನ್ನು ಲಾಂಗ್ ಈಟನ್ ಎಂಬ ಊರಿನ ಹವ್ಯಾಸಿಗಳ ಮಟ್ಟದ ತಂಡದಿಂದ ತಂದದ್ದು 2,000 ಪೌಂಡಿಗೆ. 1982ರಲ್ಲಿ ಟೇಲರ್ ಫಾರೆಸ್ಟ್ ಬಿಟ್ಟರು. ಕ್ಲಫ್ ಇನ್ನೂ ಹನ್ನೊಂದು ವರ್ಷ ಅಲ್ಲಿದ್ದರೂ ಲೀಗ್ ಆಗಲಿ ಯುರೋಪಿಯನ್ ಕಪ್ ಆಗಲಿ ಮತ್ತೆ ಕೈಗೆ ಸಿಗಲಿಲ್ಲ.

ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಫರ್ಗ್ಯುಸನ್‌ಗೆ ಮೊದಲ ಕಪ್ ಗೆಲ್ಲಲು ಮೂರೂವರೆ ವರ್ಷ ಬೇಕಾಯಿತು, ಈಗಿನ ಮಾಲೀಕರಿಗೆ ತಾಳ್ಮೆ ಇಲ್ಲ ಎಂಬ ಹಳೇ ಗೋಳು ನನ್ನದಲ್ಲ. ಮಾಲೀಕರಿಗೆ ಯಾವತ್ತೂ ತಾಳ್ಮೆ ಇರಲಿಲ್ಲ. ದುಡ್ಡು ಕೆಡಿಸಿದ್ದು ಬೇರೆಯದನ್ನು. ಟೀವಿ ಹಣ ಹರಿದು ಬಂದ ಮೇಲೆ, ಮೊದಲು ಒಂದು ಕೋಣೆಯಲ್ಲಿ ಕೂತು ಜಗಳವಾಡಿ ತಂಡ ಕಟ್ಟುತ್ತಿದ್ದ ಇಬ್ಬರು ಮೂವರನ್ನು ಬಿಡಿಬಿಡಿಯಾಗಿ ಬೆಲೆ ಕಟ್ಟಿ ಎತ್ತಿಕೊಂಡು ಹೋಗುವುದು ಸಾಧ್ಯವಾಯಿತು.

ಲೆಸ್ಟರ್ ಸಿಟಿ ನೋಡಿ. 2016ರ ಆ ಲೀಗ್ ಪ್ರಶಸ್ತಿಗೆ ಎಲ್ಲರೂ ಮ್ಯಾನೇಜರ್ ರಾನಿಯೇರಿಗೆ ಕೈಮುಗಿದರು. ಆಟಗಾರರನ್ನು ಹುಡುಕಿದ್ದು ಸ್ಟೀವ್ ವಾಲ್ಶ್. ಫ್ರಾನ್ಸಿನ ಲ ಹಾವ್ರ್ ತಂಡದಲ್ಲಿ ಬೇರೊಬ್ಬನನ್ನು ನೋಡಲು ಹೋಗಿ ಮಾಹ್ರೆಜ್ ಮೇಲೆ ಕಣ್ಣಿಟ್ಟು ಬಂದವರು. ಬೆಲೆ ಐದು ಲಕ್ಷ ಪೌಂಡಿಗೂ ಕಡಿಮೆ. ಗಿಡ್ಡ ಎಂದು ರಾನಿಯೇರಿ ಅನುಮಾನಿಸುತ್ತಿದ್ದ ಕಾಂಟೆಯನ್ನು ಬಿಡದೆ ಹಿಂದೆ ಬಿದ್ದು ಕೊಡಿಸಿದವರೂ ಅವರೇ. ಕಪ್ ಎತ್ತಿದ ಬೇಸಿಗೆಯಲ್ಲೇ ವಾಲ್ಶ್‌ರನ್ನು ಎವರ್ಟನ್ ಒಯ್ದಿತು, ಕಾಂಟೆಯನ್ನು ಚೆಲ್ಸಿ ಒಯ್ದಿತು. ಮುಂದಿನ ಫೆಬ್ರವರಿ ಹೊತ್ತಿಗೆ ಲೆಸ್ಟರ್ ಕೆಳಗಿನ ಡಿವಿಷನ್ನಿಗೆ ಜಾರುವ ಅಂಚಿನಲ್ಲಿತ್ತು. ಕೆಲಸ ಹೋದದ್ದು ರಾನಿಯೇರಿಯದು. ಅತ್ತ ಎವರ್ಟನ್‌ನಲ್ಲಿ ಬೇಕಾದಷ್ಟು ದುಡ್ಡಿದ್ದೂ ವಾಲ್ಶ್ ಎರಡು ವರ್ಷ ಪೂರೈಸಲಿಲ್ಲ.

ಬ್ರೈಟನ್ ಕಥೆಯೂ ಇದೇ, ಸ್ವಲ್ಪ ಚಾಲಾಕಿನದು. ಪಾಟರ್ ಹೋದ ಮೇಲೆ, ಅಲ್ಲಿ ಆಟಗಾರರನ್ನು ಆರಿಸುತ್ತಿದ್ದ ಪಾಲ್ ವಿನ್‌ಸ್ಟನ್ಲಿಯನ್ನೂ ಚೆಲ್ಸಿ ಸೆಳೆಯಿತು. 2023ರಲ್ಲಿ ಕೈಸೆಡೊಗೆ ಹತ್ತು ಕೋಟಿ ಪೌಂಡ್ ತೆತ್ತಿತು. ಈಕ್ವೆಡಾರ್‌ನಿಂದ ಬ್ರೈಟನ್ ಆತನನ್ನು ತಂದದ್ದು ಐವತ್ತು ಲಕ್ಷಕ್ಕೂ ಕಡಿಮೆಗೆ. ಇಷ್ಟೆಲ್ಲ ಹೋದರೂ ಬ್ರೈಟನ್ ಅಲುಗಲಿಲ್ಲ, ಏಕೆಂದರೆ ಅಲ್ಲಿನ ಟೇಲರ್ ಸ್ವತಃ ಮಾಲೀಕ. ಟೋನಿ ಬ್ಲೂಮ್ ಬೆಟ್ಟಿಂಗ್ ಲೆಕ್ಕದಲ್ಲೇ ಸಂಪಾದಿಸಿದ ಮನುಷ್ಯ, ಅಂಕಿಅಂಶದಿಂದಲೇ ಆಟಗಾರರನ್ನು ಹುಡುಕಿಸುವವನು. ನಮ್ಮ ಪಂಥದವನೇ ಅಂತ ಮಿತ್ರರು ಎದೆ ಉಬ್ಬಿಸುವುದು ಬೇಡ. ಇವರು ಸೋಲಿಗೆ ಸಂಬಳದ ಪಟ್ಟಿ ತೋರಿಸುತ್ತಾರೆ. ಬ್ಲೂಮ್ ಅಂಕಿ ಹಿಡಿದು ಯಾರ ಕಣ್ಣಿಗೂ ಬೀಳದವನನ್ನು ಹುಡುಕುತ್ತಾನೆ, ಅದೂ ಬೇರೆಯವರ ಮೂಗಿಗೆ ವಾಸನೆ ಬಡಿಯುವ ಮೊದಲು.

2024ರಲ್ಲಿ, ಪಾಟರ್ ಬದಲಿಗೆ ಬಂದಿದ್ದ ಡೆ ಜರ್ಬಿಯೂ ಹೋದಾಗ ಬ್ಲೂಮ್ ತಂದದ್ದು ಜರ್ಮನಿಯ ಸೇಂಟ್ ಪೌಲಿಯಿಂದ ಫಾಬಿಯನ್ ಹ್ಯುರ್ಜೆಲರ್ ಎಂಬ ಮ್ಯಾನೇಜರನ್ನು. ವಯಸ್ಸು 31. ತಂಡದಲ್ಲಿದ್ದ ಜೇಮ್ಸ್ ಮಿಲ್ನರ್‌ಗೆ 38. ಯಾವನಪ್ಪಾ ಇವನು ಎಂದು ಇಂಗ್ಲೆಂಡ್ ಕೇಳುತ್ತಿದ್ದಾಗ ಬ್ಲೂಮ್ ಕೈಯಲ್ಲಿ ಬಹುಶಃ ಇನ್ನೂ ಎರಡು ಹೆಸರು ತಯಾರಿದ್ದವು, ಇವನನ್ನೂ ದೊಡ್ಡ ಕ್ಲಬ್ಬೊಂದು ಎತ್ತಿಕೊಂಡು ಹೋಗುವ ದಿನಕ್ಕೆ.