ನೆರೆಕೇರಿಯ ಸಾಮರ್ಥ್ಯವೂ ಕ್ರೈಸ್ತಸಭಾಸ್ಥಾಪನೆಯೂ

ನಗರಗಳ ಬಡಕೇರಿಗಳಲ್ಲಿ ಹೊಸ ಕ್ರೈಸ್ತಸಭೆಗಳನ್ನು ನೆಲೆಗೊಳಿಸುವವರು ಅವಲಂಬಿಸುವ ವಿಚಾರಸರಣಿಗಳಲ್ಲೊಂದಕ್ಕೆ ಆಧಾರವಾದುದು, ಅಮೆರಿಕಾ ದೇಶದ ಜಾನ್ ಕ್ರೆಟ್ಸ್‌ಮನ್, ಜಾನ್ ಮೆಕ್‌ನೈಟ್ ಎಂಬ ವಿದ್ವಾಂಸರು ೧೯೯೩ರಲ್ಲಿ ಪ್ರಕಟಿಸಿದ ‘ಬಿಲ್ಡಿಂಗ್ ಕಮ್ಯುನಿಟೀಸ್ ಫ್ರಂ ದಿ ಇನ್‌ಸೈಡ್ ಔಟ್’ ಎಂಬ ಗ್ರಂಥ. ಇದು ಮತಗ್ರಂಥವಲ್ಲ, ಜನಸಮುದಾಯವನ್ನು ಅದರ ಒಳಗಿನಿಂದಲೇ ಕಟ್ಟುವ ಬಗೆಯನ್ನು ನಿರೂಪಿಸುವ ಕೈಪಿಡಿ. ಆದರೂ ಕೇರಿಯ ಬಲಗಳಲ್ಲಿ ಧಾರ್ಮಿಕ ಸಂಸ್ಥೆಗಳನ್ನೂ ಎಣಿಸಿರುವುದರಿಂದ ಸಭಾಸ್ಥಾಪಕರಿಗೆ ಇದು ಉಪಾದೇಯವಾಗಿದೆ.

ಗ್ರಂಥದ ಪ್ರಮೇಯವು ಸರಳವಾದುದು. ನಿರುದ್ಯೋಗ, ಅಪರಾಧ, ಪಾಳುಮನೆ ಎಂದು ನ್ಯೂನತೆಗಳನ್ನೇ ಗುರುತಿಸಿ ಕೇರಿಯ ನಕ್ಷೆಯನ್ನು ಬರೆದರೆ, ಅಲ್ಲಿಯ ಜನರು ತಮ್ಮನ್ನು ಪರಾಧೀನರೆಂದೇ ಭಾವಿಸತೊಡಗುತ್ತಾರೆ. ಅದಕ್ಕೆ ಪ್ರತಿಯಾಗಿ ಒಬ್ಬೊಬ್ಬರ ಕೌಶಲ, ನೆರೆಯವರ ಕೂಟಗಳು, ಶಾಲೆ ಪುಸ್ತಕಭಂಡಾರ ಮೊದಲಾದ ಸಂಸ್ಥೆಗಳು, ಇವುಗಳ ನಕ್ಷೆಯನ್ನು ಬರೆಯಬೇಕು. ವೇದಾಂತಿಗಳ ದಶಮದೃಷ್ಟಾಂತವು ಇಲ್ಲಿ ಸ್ಮರಣೀಯವಾಗಿದೆ. ಹೊಳೆ ದಾಟಿದ ಹತ್ತು ಮಂದಿಯಲ್ಲಿ ಎಣಿಸಿದವರೆಲ್ಲರೂ ತಮ್ಮನ್ನು ಬಿಟ್ಟು ಒಂಬತ್ತನ್ನೇ ಕಂಡು, ಒಬ್ಬನು ಮುಳುಗಿದನೆಂದು ಅತ್ತರು. ದಾರಿಹೋಕನೊಬ್ಬನು ‘ಹತ್ತನೆಯವನು ನೀನೇ’ ಎಂದು ತೋರಿಸಿಕೊಟ್ಟನು. ಗ್ರಂಥಕಾರರು ಮಾಡಿರುವ ಉಪಕಾರವೂ ಇಂತಹುದೇ. ಹೊರಗಿನ ಧನವೂ ಬೇಕೆಂದು ಅವರು ಒಪ್ಪಿರುವುದು ಶ್ಲಾಘ್ಯ. ತೆರಳಿದ ಕಾರ್ಖಾನೆಯನ್ನು ಕೇರಿಯ ಸದ್ಗುಣವೊಂದೇ ಮರಳಿ ತರಲಾರದು.

ಆದರೆ ನ್ಯೂನತೆ, ಸಾಮರ್ಥ್ಯ ಎಂಬ ದ್ವಂದ್ವವನ್ನು ಗ್ರಂಥವು ಅತಿಯಾಗಿ ನೆಚ್ಚಿದೆ. ಇದಕ್ಕೆ ಚಿಕಾಗೋ ನಗರದ ನಾರ್ತ್ ಲಾನ್‌ಡೇಲ್ ಕೇರಿಯೇ ನಿದರ್ಶನ. ೧೯೬೦ರಲ್ಲಿ ಸುಮಾರು ೧,೨೫,೦೦೦ ಇದ್ದ ಅಲ್ಲಿಯ ಜನಸಂಖ್ಯೆಯು ೧೯೮೦ರ ವೇಳೆಗೆ ಅರ್ಧಕ್ಕಿಳಿದಿತ್ತು. ಅಲ್ಲಿಯೇ ಬಂದು ನೆಲಸಿದ ಉಪಾಧ್ಯಾಯ ವೇಯ್ನ್ ಗಾರ್ಡನ್ ಅವರೂ ಪ್ರೌಢಶಾಲೆಯ ಕೆಲವು ವಿದ್ಯಾರ್ಥಿಗಳೂ ಕೂಡಿ ೧೯೭೮ರಲ್ಲಿ ಸಭೆಯೊಂದನ್ನು ಆರಂಭಿಸಿದರು. ಆ ಸಭೆಯವರು ಮೊದಲು ಬಯಸಿದುದು ಬಟ್ಟೆ ಒಗೆಯಲು ನಿರ್ಭಯವಾದ ಸ್ಥಳವನ್ನು. ಇದು ಕೊರತೆಯೇ ಸರಿ. ಆದರೆ ಕೇರಿಯವರು ತಾವೇ ಎಣಿಸಿ ಹೇಳಿದ ಕೊರತೆ. ಒಗೆಯುವ ಯಂತ್ರವು ಬಂದಿತು. ೧೯೮೪ರಲ್ಲಿ ಚಿಕಿತ್ಸಾಲಯವೂ ತೆರೆಯಿತು. ಇದರಿಂದ, ಫಲಭೇದಕ್ಕೆ ಕಾರಣವು ಎಣಿಸಿದ ವಸ್ತುವಲ್ಲ, ಎಣಿಸುವ ಕರ್ತೃವೇ ಎಂಬುದು ಸಿದ್ಧವಾಗುತ್ತದೆ.

ಹೊರಗಿನಿಂದ ಬಂದವನು ಸಾಮರ್ಥ್ಯಗಳ ಪಟ್ಟಿಯನ್ನು ತಾನೇ ಸಿದ್ಧಪಡಿಸಿ, ಅಡಿಗೆ ಬಲ್ಲವಳನ್ನೂ ಹಾಡಬಲ್ಲವನನ್ನೂ ತನ್ನ ಸಭೆಯ ವೃದ್ಧಿಗೆ ಸಾಧನವಾಗಿ ಮಾಡಿಕೊಂಡನೆಂದರೆ, ಮೊದಲು ಪರರ ದಯೆಗೆ ಪಾತ್ರರಾಗಿದ್ದ ಜನರು ಈಗ ಪರರ ಕಾರ್ಯಕ್ಕೆ ಉಪಕರಣಗಳಾಗುತ್ತಾರೆ. ಪಟ್ಟಿಯು ಬದಲಾಯಿತು, ಪಾರತಂತ್ರ್ಯವು ಉಳಿಯಿತು. ಈ ಅಪಾಯವನ್ನು ಗ್ರಂಥದಲ್ಲಿರುವ ಪ್ರಶ್ನಾವಳಿಗಳು ತಾವಾಗಿಯೇ ತಡೆಯಲಾರವು. ದಾರಿಹೋಕನು ಹತ್ತನೆಯವನನ್ನು ತೋರಿಸಿದನೇ ಹೊರತು ಆ ಸ್ಥಾನದಲ್ಲಿ ತಾನು ನಿಲ್ಲಲಿಲ್ಲ. ಸಭಾಸ್ಥಾಪಕನ ಅಧಿಕಾರಕ್ಕೂ ಇದೇ ಎಲ್ಲೆ.