ಎಡಕ್ಕೆ ಎಳೆಯುವ ಕಾರು

ಕಾರು ಎಡಕ್ಕೆ ಎಳೆಯುತ್ತದೆ ಎಂದರೆ ಸಾಕು, ‘ಒಮ್ಮೆ ಅಲೈನ್‌ಮೆಂಟ್ ಮಾಡಿಸಿ ಮಾರಾಯ್ರೆ’ ಎನ್ನುವವರು ಹತ್ತು ಜನ ಸಿಗುತ್ತಾರೆ. ಮೂಡುಬಿದಿರೆ–ಕಾರ್ಕಳದ ನಡುವೆ ಹೆದ್ದಾರಿ 169ರ ಮೇಲಿರುವ ನಮ್ಮ ಬೆಳುವಾಯಿಯಲ್ಲಿ, ಅದೂ ಚತುಷ್ಪಥ ಕಾಮಗಾರಿ ಶುರುವಾದ ಮೇಲೆ, ಈ ಮಾತಿಗೆ ಬರವಿಲ್ಲ. ದುಡ್ಡು ಕೊಟ್ಟು ಮಾಡಿಸಿಕೊಂಡು ಬಂದ ಸ್ವಲ್ಪ ದಿನಕ್ಕೇ ಕಾರು ಮತ್ತೆ ಹಳೇ ಚಾಳಿ ಹಿಡಿಯುತ್ತದೆ. ಅಲೈನ್‌ಮೆಂಟ್ ರಿಪೇರಿಯ ಕಟ್ಟಕಡೆಯ ಕೆಲಸ. ನಮ್ಮಲ್ಲಿ ಅದೇ ಮೊದಲಾಗುತ್ತದೆ, ತೊಂದರೆ ಇರುವುದು ಅಲ್ಲಿ.

ಮೊದಲು ರಸ್ತೆಯನ್ನೇ ನೋಡಿ. ಮಳೆನೀರು ಹರಿದುಹೋಗಲೆಂದು ದ್ವಿಪಥ ರಸ್ತೆಯ ನಡುವನ್ನು ಎತ್ತರಿಸಿ ಅಂಚನ್ನು ತಗ್ಗಿಸಿರುತ್ತಾರೆ. ಎಡಬದಿಯಲ್ಲಿ ಓಡುವ ಕಾರು ಆ ಇಳಿಜಾರಿಗೆ ತುಸು ಎಡಕ್ಕೆ ಸರಿಯುವುದು ಸಹಜ. ಸಮತಟ್ಟಾದ, ಖಾಲಿ ಜಾಗದಲ್ಲೂ ಎಳೆದರೆ ಮಾತ್ರ ಅದು ರೋಗ. ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ನೋಡಿ. ಮುಂದಿನ ಎರಡು ಟೈರುಗಳಲ್ಲಿ ನಾಲ್ಕೈದು ಪೌಂಡ್ ವ್ಯತ್ಯಾಸವಿದ್ದರೂ ಕಾರು ಗಾಳಿ ಕಡಿಮೆಯಿರುವ ಕಡೆಗೆ ವಾಲುತ್ತದೆ. ಗಾಳಿ ಸರಿಯಿದ್ದರೆ ಆ ಎರಡು ಟೈರುಗಳನ್ನು ಅದಲು ಬದಲು ಮಾಡಿ (ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರುಗಳಿಗೆ ಇದು ಹೇಳಿದ್ದಲ್ಲ). ಎಳೆತ ಬಲಕ್ಕೆ ತಿರುಗಿತೋ, ದೋಷ ಟೈರಿನದ್ದು. ಹತ್ತು ಕಿಲೋಮೀಟರ್ ಓಡಿಸಿ ಬಂದು ರಿಮ್‌ಗಳ ಹತ್ತಿರ ಕೈ ಹಿಡಿಯಿರಿ. ಒಂದು ಕಡೆ ಮಾತ್ರ ಕಾವು ಜಾಸ್ತಿ ಇದ್ದರೆ ಬ್ರೇಕ್ ಕಚ್ಚಿಕೊಂಡಿದೆ. ಇಷ್ಟು ಪರೀಕ್ಷೆಗೆ ಮೆಷಿನ್ ಬೇಡ.

ಇನ್ನು ಟೈರಿನ ಮೈ ಸವರಿ ನೋಡಬೇಕು. ಅಂಗೈಯನ್ನು ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ ಎಳೆಯಿರಿ. ಹೋಗುವಾಗ ನುಣುಪು, ಬರುವಾಗ ಗರಗಸದಂತೆ ತರಚಿದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ ಎಂದರ್ಥ. ಒಂದೇ ಅಂಚು ಸವೆದಿದ್ದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಅಥವಾ ಟೋ ಮೇಲೆ ಗುಮಾನಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು. ಅಲ್ಲಲ್ಲಿ ಕುಳಿ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ಕಡೆ ನೋಡಿ.

ಆಮೇಲೆ ಜಾಕ್. ಸಮನೆಲದಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಇಡಲೇಬೇಕು. ಬರೀ ಜಾಕ್ ನಂಬಿ ಅಡಿಗೆ ನುಸುಳಬಾರದು. ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ‘ಕಟ್’ ಎಂದರೆ ಟೈ ರಾಡ್ ಎಂಡ್ ಅಥವಾ ರ್‍ಯಾಕ್ ಎಂಡ್ ಸವೆದಿದೆ. 12 ಮತ್ತು 6ರಲ್ಲಿ ಅಲ್ಲಾಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಹೀಗೆ ಆಟವಿರುವ ಕಾರಿಗೆ ಅಲೈನ್‌ಮೆಂಟ್ ಮಾಡಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮೆಷಿನ್ ಮೇಲೆ ನಿಂತಾಗ ಸಿಕ್ಕ ಕೋನ, ಮೊದಲ ಗುಂಡಿಗೆ ಇಳಿದಾಗ ಉಳಿಯುವುದಿಲ್ಲ.

ನಮ್ಮ ಕಡೆ ಈ ಜಾಯಿಂಟ್‌ಗಳು ಬೇಗ ಸಾಯಲು ಮಳೆಗಾಲವೇ ದೊಡ್ಡ ಕಾರಣ. ಅಂಬಾಸಡರ್ ಕಾಲದಲ್ಲಿ ಮುಂದೆ ಟಾರ್ಷನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್. ಜಾಯಿಂಟ್‌ಗಳಿಗೆ ನಿಪ್ಪಲ್ ಇರುತ್ತಿತ್ತು, ಗ್ರೀಸ್ ಗನ್ ಹಿಡಿದು ಒತ್ತಿದರೆ ಕೆಸರೂ ಹಳೇ ಗ್ರೀಸೂ ಹೊರಬರುತ್ತಿತ್ತು. 1983ರ ಮಾರುತಿ 800 ಜೊತೆ ಮ್ಯಾಕ್‌ಫರ್ಸನ್ ಸ್ಟ್ರಟ್ ಮನೆಮಾತಾಯಿತು. ಇಂದಿನ ಕಾರುಗಳ ಜಾಯಿಂಟ್‌ಗೆ ಗ್ರೀಸ್ ಹೊಡೆಯುವ ತಾಪತ್ರಯವಿಲ್ಲ, ಎಲ್ಲ ರಬ್ಬರ್ ಬೂಟಿನೊಳಗೆ ಭದ್ರ. ಆದರೆ ಆ ಬೂಟು ಹರಿದು ಕೆಮ್ಮಣ್ಣಿನ ನೀರು ಒಳಹೋದರೆ ಜಾಯಿಂಟ್‌ನ ಕಥೆ ಮುಗಿದಂತೆ. ಡಾಂಬರಿನ ಅಂಚು ಕೊರೆದುಹೋದಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ಎಡಚಕ್ರ ಇಳಿಸಿ ಮತ್ತೆ ಹತ್ತಿಸುತ್ತೇವಲ್ಲ, ಆ ಏಟೆಲ್ಲ ಎಡಗಡೆಯ ಲೋವರ್ ಆರ್ಮ್ ಬುಷ್ಷಿಗೆ.

ಅಲೈನ್‌ಮೆಂಟ್ ಸೆಂಟರಿನಲ್ಲಿ ತಿಳಿದಿರಬೇಕಾದ ಮಾತೊಂದುಂಟು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಹೊಂದಿಸಲು ಬರುವುದು ಮುಂಚಕ್ರಗಳ ಟೋ ಮಾತ್ರ. 14 ಇಂಚಿನ ರಿಮ್ಮಿನಲ್ಲಿ ಒಟ್ಟು ಟೋ 3 ಮಿಲಿಮೀಟರ್ ತಪ್ಪಿದರೆ, ಪ್ರತಿ ಕಿಲೋಮೀಟರಿಗೆ ಒಂದೊಂದು ಟೈರೂ ಸುಮಾರು 4 ಮೀಟರ್ ಅಡ್ಡಕ್ಕೆ ಉಜ್ಜಿದ ಲೆಕ್ಕ. ಟೈರು ತಿನ್ನುವುದು ಟೋ. ಕಾರನ್ನು ಎಳೆಯುವುದು ಹೆಚ್ಚಾಗಿ ಎಡಬಲದ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗಿಸುವ ಅಕ್ಷದ ಓರೆ), ಕ್ಯಾಂಬರ್ ವ್ಯತ್ಯಾಸ. ಅವು ಲೆಕ್ಕ ತಪ್ಪಿದ್ದರೆ ಎಲ್ಲೋ ಏನೋ ಬಗ್ಗಿದೆ ಅಥವಾ ಜಾಗ ಬಿಟ್ಟಿದೆ. ಟೋ ತಿರುಗಿಸಿ ಅದನ್ನು ಮುಚ್ಚಿಹಾಕಲಾಗದು, ಪಾರ್ಟ್ ಹುಡುಕಿ ಬದಲಿಸಲೇಬೇಕು. ವೇಗ ಹೆಚ್ಚಿದಾಗ ಸ್ಟೀರಿಂಗ್ ನಡುಗಿದರೆ ಅದು ಬೇರೆಯೇ ಖಾತೆ: ಮೊದಲು ಬ್ಯಾಲೆನ್ಸಿಂಗ್ ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿ.

ಹಾಗಾಗಿ ಓದುಗರಲ್ಲಿ ಒಂದೇ ವಿನಂತಿ. ಗಾಳಿ, ಟೈರು, ಬ್ರೇಕ್, ಜಾಯಿಂಟ್, ಬುಷ್ ಇಷ್ಟನ್ನೂ ನೋಡಿಸದೆ ಅಲೈನ್‌ಮೆಂಟ್‌ಗೆ ದುಡ್ಡು ಕೊಡಬೇಡಿ. ಕೊಟ್ಟಾಗ ಮೊದಲಿನ ಮತ್ತು ನಂತರದ ಅಳತೆಗಳ ಪ್ರಿಂಟ್ ಎರಡನ್ನೂ ಕೇಳಿ ಪಡೆಯಿರಿ, ಮೆಕ್ಯಾನಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆದೇ ಬಿಲ್ ಕಟ್ಟಿ.